ಕೈಗೆ ಬಂದ ವಿದ್ಯೆ: ಖಂಭಾತಿನ ಮಣಿಗಾರರೂ ಸಿಂಧೂ ನಾಗರಿಕತೆಯೂ

ಪ್ರಾಕ್ತನ ಸಂಶೋಧಕನಿಗೆ ದೊರೆಯುವುದು ವಸ್ತು. ಅದನ್ನು ಮಾಡಿದ ಕೈಯಲ್ಲ. ಕಲ್ಲಿನ ಜಾತಿ, ಲೋಹದ ಬೆರಕೆ, ಮಡಕೆಯ ಆಕಾರ ಇವನ್ನು ಆತ ಅಳೆದು ತೂಗಿ ಹೇಳಬಲ್ಲ. ಆದರೆ ಆ ಕೈಗೆ ಹದ ಬಂದುದು ಎಷ್ಟು ವರ್ಷಗಳಲ್ಲಿ, ಯಾವ ಬಗೆಯ ಕಲಿಕೆಯಿಂದ ಎಂಬ ಪ್ರಶ್ನೆಗೆ ಮಣ್ಣಿನ ಪದರಗಳು ನೇರವಾಗಿ ಉತ್ತರವೀಯಲಾರವು.

ಸಿಂಧೂ ನಾಗರಿಕತೆಯ ಉಚ್ಛ್ರಾಯ ಕಾಲದ (ಸುಮಾರು ಕ್ರಿ. ಪೂ. 2600-1900) ಕಾರ್ನೀಲಿಯನ್ ಮಣಿಗಳನ್ನೇ ನೋಡೋಣ. ಈ ಕೆಂಪು ಕಲ್ಲಿನ ನೀಳ ಮಣಿಗಳಲ್ಲಿ ಕೆಲವು 10 ಸೆಂಟಿಮೀಟರಿಗೂ ಮಿಕ್ಕಿ ಉದ್ದವಾಗಿವೆ. ಅವು ಮೆಸೊಪೊಟೇಮಿಯದ ಊರ್ ನಗರದ ರಾಜಸಮಾಧಿಗಳವರೆಗೂ ಪಯಣಿಸಿದ್ದವು. 1935-36ರಲ್ಲಿ ಅರ್ನೆಸ್ಟ್ ಮ್ಯಾಕೆ ಚಾನ್ಹುದಾರೋದಲ್ಲಿ ನಡೆಸಿದ ಉತ್ಖನನದಲ್ಲಿ ಅರೆಗೆಲಸದ ಮಣಿಗಳೂ ಕೊರೆಯುವ ಕಲ್ಲಿನ ಮೊನೆಗಳೂ ದೊರೆತು, ತಯಾರಿಕೆಯ ಹಂತಗಳು ತಿಳಿದುಬಂದವು. ಹಂತಗಳು ತಿಳಿದವೇ ಹೊರತು ಕಲಿಕೆಯ ಬಗೆ ತಿಳಿಯಲಿಲ್ಲ.

ಅದನ್ನು ತಿಳಿಯಲು ಫ್ರಾನ್ಸಿನ ವ್ಯಾಲೆಂಟೀನ್ ರೂ, ಬ್ಲಾಂದೀನ್ ಬ್ರಿಲ್ ಮೊದಲಾದ ವಿದ್ವಾಂಸರು ಗುಜರಾತಿನ ಖಂಭಾತಿಗೆ ಬಂದರು. ಅಲ್ಲಿಯ ಮಣಿಗಾರನು ನೆಲದಲ್ಲಿ ಓರೆಯಾಗಿ ನೆಟ್ಟ ಕಬ್ಬಿಣದ ಸಲಾಕೆಯ ಮೊನೆಗೆ ಕಲ್ಲನ್ನು ಒತ್ತಿ ಹಿಡಿದು, ಎಮ್ಮೆಯ ಕೊಂಬಿನ ಸುತ್ತಿಗೆಯಿಂದ ಹೊಡೆಯುತ್ತಾನೆ. ಮೊನೆ ತಾಗಿದ ಕಡೆಯಿಂದ ಚಕ್ಕೆ ಏಳುತ್ತದೆ. ಸಣ್ಣ, ಸಾಧಾರಣ ಮಣಿಗಳಿಗೆ 2-3 ವರ್ಷಗಳ ಕಲಿಕೆ ಸಾಕು. ಉತ್ತಮ ನೀಳ ಮಣಿಗಳಿಗೆ 7ರಿಂದ 10 ವರ್ಷ ಬೇಕು.

ಈ ಅಂತರಕ್ಕೆ ಕಾರಣವೇನು? 1995ರಲ್ಲಿ ಪ್ರಕಟವಾದ ಅವರ ಅಧ್ಯಯನದ ಉತ್ತರ ವಿಚಾರಾರ್ಹವಾಗಿದೆ. ಯಾವ ಕ್ರಮದಲ್ಲಿ ಚಕ್ಕೆ ತೆಗೆಯಬೇಕೆಂಬುದನ್ನು ಸಾಧಾರಣ ಕೆಲಸಗಾರನೂ ಬಲ್ಲ. ಅವನಿಗೆ ಒದಗದಿರುವುದು ಪ್ರತಿಯೊಂದು ಪೆಟ್ಟಿನ ಹದ. ಸುತ್ತಿಗೆಗೆ ವೇಗೋತ್ಕರ್ಷವನ್ನು ಅಳೆಯುವ ಉಪಕರಣವನ್ನು ಕಟ್ಟಿ, ರೂಢಿಯ ಕಲ್ಲಿಗೆ ಬದಲಾಗಿ ಗಾಜನ್ನು ಕೊಟ್ಟು ನೋಡಿದಾಗ, ನಿಪುಣರು ಪೆಟ್ಟನ್ನು ಆ ಹೊಸ ವಸ್ತುವಿಗೆ ಹೊಂದಿಸಿಕೊಂಡರು. ಉಳಿದವರಿಗೆ ಅದು ಸಾಧ್ಯವಾಗಲಿಲ್ಲ. ಎಂದರೆ, ವಿಧಾನವನ್ನು ಬಾಯಿಂದ ಹೇಳಿಕೊಡಬಹುದು. ಹದವನ್ನು ಕೈಯೇ ಕಲಿಯಬೇಕು.

ಇಂದಿನ ಖಂಭಾತನ್ನು ಅಂದಿನ ಚಾನ್ಹುದಾರೋದ ಮೇಲೆ ಯಥಾವತ್ತಾಗಿ ಹೇರಲಾಗದು. ಸಿಂಧೂ ಜನರ ಬಳಿ ಕಬ್ಬಿಣವಿರಲಿಲ್ಲ. ತಾಮ್ರದ ಮೊನೆಯನ್ನು ಬಳಸಿರಬಹುದೆಂಬುದು ಊಹೆ. ಆದರೂ ಕಲ್ಲು ಒಡೆಯುವ ಧರ್ಮ ಬದಲಾಗುವುದಿಲ್ಲವಾದ್ದರಿಂದ, ಅಂದಿನ ನೀಳ ಮಣಿಯ ಹಿಂದೆಯೂ ಅಂತಹದೇ ದೀರ್ಘಾಭ್ಯಾಸವಿತ್ತೆಂದೂ, ಕಲಿಯುವವನನ್ನು ಅಷ್ಟು ವರ್ಷ ಸಾಕುವ ಕುಟುಂಬವೋ ಆಶ್ರಯವೋ ಇತ್ತೆಂದೂ ಹೇಳಬಹುದು.

ನನ್ನ ಉದ್ಯೋಗ ಬ್ಯಾಂಕಿನದು. ಕುಶಲಕರ್ಮಿಗೆ ಸಾಲ ಕೊಡುವಾಗ ಕಚ್ಚಾ ಮಾಲಿಗೂ ಸಲಕರಣೆಗೂ ಬೆಲೆ ಕಟ್ಟುತ್ತೇವೆ. ಕೈಯ ಹತ್ತು ವರ್ಷಗಳಿಗೆ ನಮ್ಮ ಲೆಡ್ಜರಿನಲ್ಲಿ ಅಂಕಣವಿಲ್ಲ. ಮಣಿ ಉಜ್ಜುವಾಗ ಏಳುವ ಧೂಳು ಖಂಭಾತಿನ ಅನೇಕ ಕೆಲಸಗಾರರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗವನ್ನು ತಂದಿದೆ. ಇಂತಹ ಕಸುಬಿಗೆ ಮಗನನ್ನು ಕೂರಿಸಲು ತಂದೆ ಹಿಂಜರಿದರೆ ಅವನನ್ನು ದೂರುವಂತಿಲ್ಲ. ಕೆಲಸಗಾರನ ಉಸಿರನ್ನು ಕಾಯದೆ ಕಸುಬನ್ನು ಕಾಯುವ ಮಾತು ಪೊಳ್ಳು. ಒಂದು ತಲೆಮಾರು ತಪ್ಪಿದರೆ ವಿಧಾನವು ಪುಸ್ತಕದಲ್ಲಿ ಉಳಿದೀತು, ಹದ ಉಳಿಯದು.