ಕೊಬ್ಬು ಕರಗಿಸುವ ಮದ್ದು: ಮಕಂದಿ ಬೇರು ಮತ್ತು ತಿಪಟೂರಿನ ಕೊಬ್ಬರಿ

ಬೊಜ್ಜಿನ ಮದ್ದುಗಳಲ್ಲಿ ಹೆಚ್ಚಿನವು ಹಸಿವನ್ನು ತಗ್ಗಿಸುತ್ತವೆ. ಕೆಲವು ಮಾತ್ರ ದೇಹ ಖರ್ಚುಮಾಡುವ ಶಕ್ತಿಯನ್ನು ಹೆಚ್ಚಿಸುತ್ತವೆ. ಈ ಎರಡನೆಯ ದಾರಿ 1890ರ ದಶಕದಲ್ಲಿ ಥೈರಾಯ್ಡ್ ಗ್ರಂಥಿಯ ಸಾರದಿಂದ ಶುರುವಾಯಿತು. ತೂಕ ಇಳಿಯುತ್ತಿತ್ತು, ಜೊತೆಗೆ ಸ್ನಾಯುವೂ ಕರಗಿ ಎದೆಬಡಿತ ಏರುತ್ತಿತ್ತು. 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಿಂಡ್ಸರ್ ಕಟಿಂಗ್ ಮತ್ತು ಮಾರಿಸ್ ಟೇಂಟರ್ ಡೈನೈಟ್ರೋಫಿನಾಲನ್ನು ತೂಕ ಇಳಿಸಲು ಬಳಸಿದರು. ಆಹಾರದ ಶಕ್ತಿ ಜೀವಕೋಶದ ಕೆಲಸಕ್ಕೆ ಒದಗದೆ ಬರಿಯ ಶಾಖವಾಗಿ ಹೋಗುವಂತೆ ಅದು ಮಾಡುತ್ತದೆ. ಕಣ್ಣಿನ ಪೊರೆ, ಮಿತಿಮೀರಿದ ಮೈಕಾವು, ಸಾವು ಕಂಡುಬಂದು 1938ರಲ್ಲಿ ಅಲ್ಲಿ ಅದರ ಬಳಕೆ ನಿಂತಿತು.

ಮೆದುವಾದ ಮದ್ದಿನ ಹುಡುಕಾಟದಲ್ಲಿ ಕರ್ನಾಟಕದ ಒಂದು ಬೆಳೆಯೂ ಸೇರಿತು. ಮಕಂದಿ ಬೇರನ್ನು ಇಲ್ಲಿ ಉಪ್ಪಿನಕಾಯಿಗೆ ಹಾಕುವುದುಂಟು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಮತ್ತು ಮುಂಬೈಯ ಹೆಕ್ಸ್ಟ್ ಸಂಶೋಧನಾ ಕೇಂದ್ರ 1970ರ ದಶಕದಲ್ಲಿ ಈ ಬೇರನ್ನು ರಕ್ತದೊತ್ತಡದ ಮದ್ದಿಗಾಗಿ ಪರೀಕ್ಷಿಸಿದವು. ಅದರಲ್ಲಿ ಸಿಕ್ಕ ಫೋರ್ಸ್ಕೊಲಿನ್ ಜೀವಕೋಶದ ಅಡಿನೈಲೇಟ್ ಸೈಕ್ಲೇಸ್ ಎಂಬ ಕಿಣ್ವವನ್ನು ನೇರವಾಗಿ ಚುರುಕುಗೊಳಿಸುತ್ತದೆ ಎಂಬುದು 1981ರಲ್ಲಿ ಪ್ರಕಟವಾಯಿತು. ಆ ಕಿಣ್ವ ಚುರುಕಾದರೆ ಕೊಬ್ಬಿನ ಕೋಶಗಳು ತಮ್ಮ ದಾಸ್ತಾನನ್ನು ಬಿಟ್ಟುಕೊಡುತ್ತವೆ. ಬೆಂಗಳೂರಿನ ಸಾಮಿ ಲ್ಯಾಬ್ಸ್ ಈ ಸಾರವನ್ನು ಫೋರ್ಸ್‌ಲೀನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಬೇರಿಗಾಗಿ ರೈತರೊಂದಿಗೆ ಒಪ್ಪಂದದ ಬೇಸಾಯವೂ ನಡೆಯಿತು. 2005ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳ ಫಲ ಒಂದೇ ಆಗಿರಲಿಲ್ಲ. 30 ಗಂಡಸರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ ಮೈಕೊಬ್ಬು ತಗ್ಗಿತು. ಹೆಂಗಸರ ಮೇಲೆ ನಡೆದದ್ದರಲ್ಲಿ ತೂಕ ಇಳಿಯಲಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮುಖ್ಯ ಬೆಳೆಯಾದ ತೆಂಗಿಗೂ ಇಂಥದೇ ಕೀರ್ತಿ ಬಂದಿದೆ. ತೆಂಗಿನೆಣ್ಣೆಯಿಂದ ಬೇರ್ಪಡಿಸಬಹುದಾದ ಮಧ್ಯಮ ಸರಪಳಿಯ ಕೊಬ್ಬು ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗಿ ಬೇಗ ಉರಿಯುತ್ತದೆ. ದಿನಕ್ಕೆ 15ರಿಂದ 30 ಗ್ರಾಂ ಅಂಥ ಕೊಬ್ಬು ತಿಂದ ಎಂಟು ಯುವಕರ ಶಕ್ತಿವ್ಯಯ ಸುಮಾರು 5 ಶೇಕಡ ಏರಿದ್ದನ್ನು 1996ರ ಪ್ರಯೋಗವೊಂದು ತೋರಿಸಿತು. ಆದರೆ ಹಾಗೆ ಬೇಗ ಉರಿಯುವ ಕ್ಯಾಪ್ರಿಲಿಕ್ ಮತ್ತು ಕ್ಯಾಪ್ರಿಕ್ ಆಮ್ಲಗಳು ತೆಂಗಿನೆಣ್ಣೆಯಲ್ಲಿ ಏಳರಲ್ಲೊಂದು ಪಾಲಿನಷ್ಟೇ. ಅರ್ಧದಷ್ಟಿರುವ ಲಾರಿಕ್ ಆಮ್ಲ ಬಹುಮಟ್ಟಿಗೆ ಉಳಿದ ಎಣ್ಣೆಗಳ ಕೊಬ್ಬಿನಂತೆಯೇ ನಡೆದುಕೊಳ್ಳುತ್ತದೆ. ಗ್ರಾಂಗೆ ಸುಮಾರು 9 ಕ್ಯಾಲೊರಿ ಕೊಡುವ ತೆಂಗಿನೆಣ್ಣೆಯಾಗಲಿ, ಎಣ್ಣೆ ತುಂಬಿದ ಉಂಡೆ ಕೊಬ್ಬರಿಯಾಗಲಿ ಆ ಪ್ರಯೋಗದ ಕೊಬ್ಬಿಗೆ ಸಾಟಿಯಲ್ಲ. ಡೈನೈಟ್ರೋಫಿನಾಲಿನಷ್ಟು ಬಿರುಸಾಗಿ ಶಕ್ತಿ ಸುಡುವ ಮದ್ದು ಜೀವಕ್ಕೆ ಎರವಾಯಿತು; ಬೇರು ಮತ್ತು ತೆಂಗಿನಂಥ ಸೌಮ್ಯವಾದವು ತೂಕವನ್ನು ಗಣನೀಯವಾಗಿ ಇಳಿಸುವಷ್ಟು ಬಲ ತೋರಲಿಲ್ಲ.