ವಿಳಾಸ ತಪ್ಪಿದ ಹಾಡುಗಳು

ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಕಾಲೇಜು ಊರಿನಲ್ಲಿ ಹುಟ್ಟಿದ ಆರ್.ಇ.ಎಂ. ತಂಡ 1987ರ ಏಪ್ರಿಲ್‌ನಲ್ಲಿ ‘ಡೆಡ್ ಲೆಟರ್ ಆಫೀಸ್’ ಎಂಬ ಸಂಕಲನವನ್ನು ಹೊರತಂದಿತು. ಅದರ ಎಲ್‌ಪಿಯಲ್ಲಿ 15 ಹಾಡುಗಳಿದ್ದವು. ಅವುಗಳಲ್ಲಿ ಒಂದೂ ತಂಡದ ಅದುವರೆಗಿನ ನಾಲ್ಕು ಆಲ್ಬಂಗಳಲ್ಲಿ ಜಾಗ ಪಡೆದಿರಲಿಲ್ಲ. ಹೆಚ್ಚಿನವು ಸಿಂಗಲ್ ತಟ್ಟೆಗಳ ಹಿಂಬದಿಯಲ್ಲಿ ಬಂದು ಕಣ್ಮರೆಯಾಗಿದ್ದವು. ಅಂಥವಕ್ಕೆ ಈ ಹೆಸರು ಚೆನ್ನಾಗಿಯೇ ಹೊಂದಿತು. ವಿಳಾಸದಾರರು ಸಿಗದ, ಕಳಿಸಿದವರಿಗೆ ಹಿಂದಿರುಗಿಸಲೂ ಆಗದ ಕಾಗದಗಳು ಕೊನೆಗೆ ಬಂದು ಸೇರುವ ಅಂಚೆ ಕಚೇರಿಯೇ ಡೆಡ್ ಲೆಟರ್ ಆಫೀಸ್. ಅಮೆರಿಕದಲ್ಲಿ ಅದು ಶುರುವಾದದ್ದು 1825ರಲ್ಲಿ. ಭಾರತದ ಅಂಚೆಯಲ್ಲೂ ಇದೇ ಹೆಸರಿನ ಕಚೇರಿಗಳಿದ್ದವು. ಮುಂದೆ ಅವು ‘ರಿಟರ್ನ್ಡ್ ಲೆಟರ್ ಆಫೀಸ್’ ಎನಿಸಿಕೊಂಡವು. ಅಲ್ಲಿನ ಗುಮಾಸ್ತರು ಲಕೋಟೆ ಒಡೆದು, ಒಳಗೆಲ್ಲಾದರೂ ಊರು, ಹೆಸರಿನ ಸುಳಿವಿದೆಯೇ ಎಂದು ಹುಡುಕುತ್ತಿದ್ದರು.

ಇಂಥ ಹಾಡುಗಳು ಹುಟ್ಟಿದ್ದೇಕೆ ಎಂಬುದಕ್ಕೆ ಉತ್ತರ ತಟ್ಟೆಯ ರಚನೆಯಲ್ಲೇ ಇದೆ. ಕೊಲಂಬಿಯಾ ಕಂಪನಿ 1948ರಲ್ಲಿ ಎಲ್‌ಪಿಯನ್ನೂ ಆರ್‌ಸಿಎ ಕಂಪನಿ 1949ರಲ್ಲಿ ನಿಮಿಷಕ್ಕೆ 45 ಸುತ್ತು ತಿರುಗುವ ಏಳು ಇಂಚಿನ ಸಿಂಗಲನ್ನೂ ತಂದವು. ಸಿಂಗಲನ್ನು ಕೊಳ್ಳುವವರು ಮುಂಬದಿಯ ಒಂದು ಹಾಡಿಗಾಗಿ ಕೊಳ್ಳುತ್ತಿದ್ದರು. ಆದರೆ ತಟ್ಟೆ ಎಂದ ಮೇಲೆ ಅದಕ್ಕೆ ಇನ್ನೊಂದು ಮಗ್ಗುಲೂ ಇತ್ತು, ಅಲ್ಲಿಗೂ ಒಂದು ಹಾಡು ಬೇಕಿತ್ತು. ಆಲ್ಬಂನ ಒಳ್ಳೆಯ ಹಾಡನ್ನು ಅಲ್ಲಿಗೆ ಹಾಕಿದರೆ ಮುಂದಿನ ಸಿಂಗಲಿಗೆ ಏನೂ ಉಳಿಯದು. ಹಾಗಾಗಿ ಸ್ಟುಡಿಯೋದ ಬಾಡಿಗೆ ಸಮಯದಲ್ಲಿ ಕೊನೆಯ ಒಂದೆರಡು ಗಂಟೆ ಉಳಿದಾಗ ನುಡಿಸಿದ್ದು, ಬೇರೆಯವರ ಹಾಡನ್ನು ಆಸೆಗೆ ಹಾಡಿದ್ದು, ಸಾಹಿತ್ಯ ಬರೆದು ಮುಗಿಯದ ವಾದ್ಯಸಂಗೀತ ಎಲ್ಲವೂ ಬಿ-ಸೈಡಿನ ಪಾಲಾದವು. ಬ್ರಿಟನ್ನಿನ ಸಿಂಗಲಿಗೆ ಒಂದು ಹಿಂಬದಿ, ಅಮೆರಿಕದ ಸಿಂಗಲಿಗೆ ಇನ್ನೊಂದು ಹಿಂಬದಿ ಇರುವುದೂ ಸಾಮಾನ್ಯವಾಗಿತ್ತು. ಸಮುದ್ರದಾಚೆಯ ಬಿ-ಸೈಡ್ ಬೇಕೆನ್ನುವವರು ಆಮದಾದ ತಟ್ಟೆಗೆ ದುಬಾರಿ ಬೆಲೆ ತೆರಬೇಕಾಗುತ್ತಿತ್ತು.

ಕಂಪನಿಗಳು ಬಿಡುಗಡೆ ಮಾಡದೆ ಇಟ್ಟುಕೊಂಡದ್ದನ್ನು ಕಳ್ಳ ಮುದ್ರಣಗಳು ಬಯಲಿಗೆ ತಂದವು. 1969ರ ಬೇಸಿಗೆಯಲ್ಲಿ ಲಾಸ್ ಏಂಜಲೀಸಿನ ಅಂಗಡಿಗಳಲ್ಲಿ ‘ಗ್ರೇಟ್ ವೈಟ್ ವಂಡರ್’ ಕಾಣಿಸಿಕೊಂಡಿತು. ಬಾಬ್ ಡಿಲನ್ ಹೊರಬಿಡದ ಹಾಡುಗಳು ಅದರಲ್ಲಿದ್ದವು. ಹೊದಿಕೆ ಮಾತ್ರ ಬರೀ ಬಿಳಿ. ಅಮೆರಿಕದಲ್ಲಿ ಧ್ವನಿಮುದ್ರಣಗಳಿಗೆ ಒಕ್ಕೂಟ ಸರ್ಕಾರದ ಕೃತಿಸ್ವಾಮ್ಯ ರಕ್ಷಣೆ ಸಿಕ್ಕಿದ್ದೇ 1972ರ ಫೆಬ್ರವರಿಯಲ್ಲಿ. ಕಾನೂನಿಗಿಂತ ಚುರುಕಾದ ಉತ್ತರ ಕಲಾವಿದರಿಂದಲೇ ಬಂತು. ‘ದ ಹೂ’ ತಂಡದ ಜಾನ್ ಎಂಟ್‌ವಿಸಲ್ ಹಳೆಯ ಟೇಪುಗಳನ್ನು ಹೆಕ್ಕಿ 1974ರಲ್ಲಿ ‘ಆಡ್ಸ್ ಅಂಡ್ ಸಾಡ್ಸ್’ ಸಂಕಲನ ಮಾಡಿದ್ದು ಕಳ್ಳ ಮುದ್ರಕರಿಗೆ ಎದುರಾಗಿಯೇ. ಇಂಗ್ಲೆಂಡಿನ ಸ್ವತಂತ್ರ ತಂಡಗಳಲ್ಲಿ ‘ದ ಸ್ಮಿತ್ಸ್’ 1984ರಲ್ಲಿ ‘ಹ್ಯಾಟ್‌ಫುಲ್ ಆಫ್ ಹಾಲೋ’ ತಂದು ಬಿಬಿಸಿ ರೇಡಿಯೋಕ್ಕಾಗಿ ಮುದ್ರಿಸಿದ ಹಾಡುಗಳನ್ನೂ ಸಿಂಗಲುಗಳನ್ನೂ ಒಂದೆಡೆ ಸೇರಿಸಿತು. ಇನ್ನೂ ಮೊದಲು, 1979ರಲ್ಲಿ, ಮ್ಯಾಂಚೆಸ್ಟರಿನ ‘ಬಜ್‌ಕಾಕ್ಸ್’ ತಂಡದ ಸಿಂಗಲುಗಳನ್ನು ಮುಂಬದಿ, ಹಿಂಬದಿ ಸಮೇತ ಅಮೆರಿಕದ ಕೇಳುಗರಿಗಾಗಿ ಒಂದೇ ಎಲ್‌ಪಿಯಲ್ಲಿ ಕೊಟ್ಟ ಸಣ್ಣ ಕಂಪನಿಯೊಂದಿತ್ತು. ಅದೇ ಐ.ಆರ್.ಎಸ್. ರೆಕಾರ್ಡ್ಸ್. ಆರ್.ಇ.ಎಂ. ಕೂಡ ಮುಂದೆ ಅದರ ಮನೆಯನ್ನೇ ಸೇರಿತು.

ತಂಡದ ಮೊದಲ ಕಛೇರಿ 1980ರ ಏಪ್ರಿಲ್ 5ರಂದು, ಪೂಜೆ ನಿಂತುಹೋಗಿದ್ದ ಹಳೆಯ ಚರ್ಚೊಂದರಲ್ಲಿ, ಹುಟ್ಟುಹಬ್ಬದ ಔತಣದಲ್ಲಿ ನಡೆಯಿತು. ಮೈಕಲ್ ಸ್ಟೈಪ್ ಹಾಡುಗಾರ, ಪೀಟರ್ ಬಕ್ ಗಿಟಾರು, ಮೈಕ್ ಮಿಲ್ಸ್ ಬೇಸ್, ಬಿಲ್ ಬೆರಿ ಡ್ರಮ್ಸ್. ಬಕ್ ಕೆಲಸಕ್ಕಿದ್ದದ್ದು ಅಥೆನ್ಸಿನ ‘ವಕ್ಸ್‌ಟ್ರಿ’ ಎಂಬ ರೆಕಾರ್ಡ್ ಅಂಗಡಿಯಲ್ಲಿ. ಸ್ಟೈಪ್ ಅಲ್ಲಿಗೆ ಗಿರಾಕಿಯಾಗಿ ಬರುತ್ತಿದ್ದವರು. ಆ ಅಂಗಡಿಯನ್ನು ಬಿಟ್ಟು ‘ಡೆಡ್ ಲೆಟರ್ ಆಫೀಸ್’ ಅರ್ಥವಾಗುವುದಿಲ್ಲ. ಸಂಕಲನದ ಹೊದಿಕೆಗೆ ಬಕ್ ತಾವೇ ಟಿಪ್ಪಣಿ ಬರೆದು, ಆಲ್ಬಂಗಳಿಗಿಂತ ಸಿಂಗಲುಗಳೇ ತಮಗೆ ಹೆಚ್ಚು ಪ್ರಿಯವೆಂದು ಹೇಳಿಕೊಂಡರು. ಈ ಸಂಕಲನ ಕೇಳುವುದೆಂದರೆ ಗುಜರಿ ಅಂಗಡಿಯಲ್ಲಿ ಕೈಯಾಡಿಸಿದಂತೆ ಎಂಬ ಹೋಲಿಕೆಯೂ ಅವರದೇ. ಮಾರಾಟದ ಕಟ್ಟೆಯ ಹಿಂದೆ ನಿಂತು ದಿನವಿಡೀ ತಟ್ಟೆಗಳನ್ನು ತಿರುಗಿಸಿ ನೋಡಿದವರ ಮಾತದು.

ಸಂಕಲನದ ಹಾಡುಗಳು ತಂಡದ ಕಸುಬನ್ನು ಒಳಗಿನಿಂದ ತೋರಿಸುತ್ತವೆ. ‘ವೈಟ್ ಟೊರ್ನಾಡೋ’ 1981ರ ಏಪ್ರಿಲಿನದು. ಉತ್ತರ ಕರೊಲೈನಾದ ವಿನ್‌ಸ್ಟನ್-ಸೇಲಂನಲ್ಲಿ ಮಿಚ್ ಈಸ್ಟರ್ ತಮ್ಮ ತಂದೆತಾಯಿಯ ಮನೆಯ ಗ್ಯಾರೇಜಿನಲ್ಲಿ ನಡೆಸುತ್ತಿದ್ದ ‘ಡ್ರೈವ್-ಇನ್’ ಸ್ಟುಡಿಯೋದಲ್ಲಿ, ಮೊದಲ ಸಿಂಗಲ್ ‘ರೇಡಿಯೋ ಫ್ರೀ ಯುರೋಪ್’ ಜೊತೆಗೇ ಮುದ್ರಣವಾದ ವಾದ್ಯಸಂಗೀತ. ‘ಏಜಸ್ ಆಫ್ ಯೂ’ ಎಂಬುದು ‘ಬರ್ನಿಂಗ್ ಡೌನ್’ ಎಂಬ ಹಳೆಯ ಹಾಡಿನ ಬೇರಿನಿಂದಲೇ ಒಡೆದ ಕವಲು. ಅಕ್ಕಪಕ್ಕ ಇಟ್ಟು ಕೇಳಿದರೆ ಯಾವುದನ್ನು ಉಳಿಸಿ ಯಾವುದನ್ನು ಬದಲಿಸಿದರೆಂಬುದು ಕಿವಿಗೇ ತಿಳಿಯುತ್ತದೆ. ‘ವಾಲ್ಟರ್ಸ್ ಥೀಮ್’ ಅಥೆನ್ಸಿನ ಒಂದು ಬಾರ್ಬೆಕ್ಯೂ ಹೋಟೆಲಿನ ಜಾಹೀರಾತಿಗೆಂದು ಹೊಸೆದದ್ದು. ಅದಕ್ಕೆ ಅಂಟಿಕೊಂಡೇ ಬರುವ ರೋಜರ್ ಮಿಲ್ಲರರ ‘ಕಿಂಗ್ ಆಫ್ ದ ರೋಡ್’ ಕುಡಿದು ತೂರಾಡುವ ರಾತ್ರಿಯ ಹಾಡುಗಾರಿಕೆ. ನ್ಯಾಯವೆಂಬುದಿದ್ದರೆ ಮಿಲ್ಲರ್ ತಮ್ಮ ಮೇಲೆ ದಾವೆ ಹೂಡಬಹುದಿತ್ತೆಂದು ಬಕ್ ಒಪ್ಪಿಕೊಂಡರು.

ಬೇರೆಯವರ ಹಾಡುಗಳ ಆಯ್ಕೆ ಇನ್ನೂ ಮುಖ್ಯ. ಸಂಕಲನ ತೆರೆದುಕೊಳ್ಳುವುದೇ ‘ಕ್ರೇಜಿ’ಯಿಂದ. ಅದು ಅಥೆನ್ಸಿನದೇ ಆದ ‘ಪೈಲನ್’ ತಂಡದ ಹಾಡು. ಜಾರ್ಜಿಯಾ ವಿಶ್ವವಿದ್ಯಾಲಯದ ಕಲಾ ವಿದ್ಯಾರ್ಥಿಗಳು ಕಟ್ಟಿದ ಆ ತಂಡ 1983ರಲ್ಲಿ ನಿಂತುಹೋಯಿತು. ತಮ್ಮ ಮೊದಲ ಇಪಿ ಹೊರಬಂದ ದಿನ ರೇಡಿಯೋದಲ್ಲಿ ಪೈಲನ್‌ನ ‘ಕ್ರೇಜಿ’ ಕೇಳಿ, ಅದು ತಮ್ಮದಕ್ಕಿಂತ ಎಷ್ಟೋ ಮೇಲು ಅನಿಸಿ ಮನಸ್ಸು ಕುಗ್ಗಿತೆಂದು ಬಕ್ ಬರೆದರು. 1987ರ ಕೊನೆಗೆ ‘ರೋಲಿಂಗ್ ಸ್ಟೋನ್’ ಪತ್ರಿಕೆ ಆರ್.ಇ.ಎಂ. ತಂಡವನ್ನು ಅಮೆರಿಕದ ಅತ್ಯುತ್ತಮ ರಾಕ್ ತಂಡವೆಂದು ಕರೆದಾಗ, ಆ ಬಿರುದು ಪೈಲನ್‌ಗೆ ಸಲ್ಲಬೇಕೆಂದವರು ಬಿಲ್ ಬೆರಿ. ಊರಿನ ಹಿರಿಯ ತಂಡದ ಋಣವನ್ನು ಇಷ್ಟು ನೇರವಾಗಿ ಒಪ್ಪಿಕೊಂಡವರು ಕಡಿಮೆ. ‘ವೆಲ್ವೆಟ್ ಅಂಡರ್‌ಗ್ರೌಂಡ್’ ತಂಡದ ಹಾಡುಗಳಂತೂ ಮೂರಿವೆ. ಬದುಕಿದ್ದಾಗ ಅಷ್ಟಾಗಿ ಮಾರಾಟ ಕಾಣದ ಆ ನ್ಯೂಯಾರ್ಕ್ ತಂಡದ ಬೆಳಕಿಗೆ ಬಾರದ ಟೇಪುಗಳು ‘ವಿಯು’ ಎಂಬ ಸಂಕಲನವಾಗಿ ಹೊರಬಂದದ್ದು 1985ರಲ್ಲಿ. 1983ರಲ್ಲಿ ಐ.ಆರ್.ಎಸ್. ‘ರೇಡಿಯೋ ಫ್ರೀ ಯುರೋಪ್’ ಸಿಂಗಲನ್ನು ಮತ್ತೆ ತಂದಾಗಲೇ ಆರ್.ಇ.ಎಂ. ಆ ತಂಡದ ‘ದೇರ್ ಶೀ ಗೋಸ್ ಅಗೇನ್’ ಹಾಡನ್ನು ಹಿಂಬದಿಗೆ ಹಾಕಿತ್ತು. ಒಂದು ಪೀಳಿಗೆಯ ಹುಡುಗರಿಗೆ ವೆಲ್ವೆಟ್ ಅಂಡರ್‌ಗ್ರೌಂಡಿನ ಹಾಡುಗಾರ ಲೂ ರೀಡ್ ಎಂಬ ಹೆಸರು ಪರಿಚಯವಾದದ್ದು ಇಂಥ ಹಿಂಬದಿಗಳ ಮೂಲಕವೂ ಹೌದು.

ಇಡೀ ಸಂಕಲನದಲ್ಲಿ ಮತ್ತೆ ಮತ್ತೆ ಕೇಳಬೇಕಾದದ್ದು ‘ವಾಯ್ಸ್ ಆಫ್ ಹೆರಾಲ್ಡ್’. 1983-84ರ ಚಳಿಗಾಲದಲ್ಲಿ ಉತ್ತರ ಕರೊಲೈನಾದ ಶಾರ್ಲಟ್ ನಗರದ ರಿಫ್ಲೆಕ್ಷನ್ ಸ್ಟುಡಿಯೋದಲ್ಲಿ ಎರಡನೆಯ ಆಲ್ಬಂ ‘ರೆಕನಿಂಗ್’ ಮುದ್ರಣ ನಡೆದಿತ್ತು. ‘ಸೆವೆನ್ ಚೈನೀಸ್ ಬ್ರದರ್ಸ್’ ಹಾಡಿನ ವಾದ್ಯಭಾಗ ಸಿದ್ಧವಾಗಿತ್ತು. ಸ್ಟೈಪ್ ಸ್ಟುಡಿಯೋದ ಮೆಟ್ಟಿಲ ಬಳಿ, ಕತ್ತಲಲ್ಲಿ ನಿಂತು ಹಾಡುತ್ತಿದ್ದರು. ಆ ದಿನ ದನಿ ಎಷ್ಟು ತಗ್ಗಿತ್ತೆಂದರೆ ಮುದ್ರಣಕ್ಕೆ ಸರಿಯಾಗಿ ಸಿಗುತ್ತಲೇ ಇರಲಿಲ್ಲ. ನಿರ್ಮಾಪಕರಲ್ಲೊಬ್ಬರಾದ ಡಾನ್ ಡಿಕ್ಸನ್ ಅಲ್ಲೇ ಬಿದ್ದಿದ್ದ ಹಳೆಯ ಗಾಸ್ಪೆಲ್ ಎಲ್‌ಪಿಯೊಂದನ್ನು ಅವರತ್ತ ಎಸೆದರು. ‘ದ ರೆವಲೇರ್ಸ್’ ಎಂಬ ಭಕ್ತಿಗೀತೆ ತಂಡದ ತಟ್ಟೆ ಅದು. ಸ್ಟೈಪ್ ಅದರ ಹಿಂಬದಿಯಲ್ಲಿದ್ದ ಟಿಪ್ಪಣಿಯನ್ನೇ ಹಾಡತೊಡಗಿದರು: ಗಾಯಕರ ಹೊಗಳಿಕೆ, ಹೆರಾಲ್ಡ್ ಎಂಬಾತನ ಕಂಠದ ಬಣ್ಣನೆ, ಮುದ್ರಣದ ವಿವರ, ಒಂದನ್ನೂ ಬಿಡದೆ. ಸಣ್ಣ ಊರಿನ ಹೊದಿಕೆ ಬರಹದ ಸಾದಾ ಸಾಲುಗಳು ಬಕ್‌ರ ಮೀಟುಗಿಟಾರಿನ ಮೇಲೆ ಏರುತ್ತ ಹೋಗಿ ಕೊನೆಗೆ ನಿಜವಾದ ಭಕ್ತಿಯ ತೀವ್ರತೆಯನ್ನೇ ಮುಟ್ಟುತ್ತವೆ. ದನಿ ಬಿಚ್ಚಿಕೊಂಡ ಮೇಲೆ ಅವರು ಮೂಲ ಹಾಡನ್ನು ಹಾಡಿದರು. ಅದು ‘ರೆಕನಿಂಗ್’ ಸೇರಿತು. ಬಿಸಾಡಬಹುದಾಗಿದ್ದ ಟೇಪು 1984ರಲ್ಲಿ ಬ್ರಿಟನ್ನಿನ ಸಿಂಗಲಿನ ಹಿಂಬದಿಗೆ, ಮೂರು ವರ್ಷದ ಬಳಿಕ ಈ ಸಂಕಲನಕ್ಕೆ ಬಂತು. ಆರ್.ಇ.ಎಂ. ಹಾಡುಗಳಲ್ಲಿ ಮಾತಿನ ಅರ್ಥಕ್ಕಿಂತ ದನಿಯೇ ಮುಂದಿರುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಉಳಿಕೆಯ ಹಾಡುಗಳ ಈ ತಟ್ಟೆ ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ 52ನೇ ಸ್ಥಾನದವರೆಗೆ ಏರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ‘ಡಾಕ್ಯುಮೆಂಟ್’ ಮೊದಲ ಹತ್ತರೊಳಗೆ ಸೇರಿತು. 1988ರಲ್ಲಿ ತಂಡ ಐ.ಆರ್.ಎಸ್. ಬಿಟ್ಟು ವಾರ್ನರ್ ಬ್ರದರ್ಸ್ ಸೇರಿತು. ಹೀಗೆ ‘ಡೆಡ್ ಲೆಟರ್ ಆಫೀಸ್’ ಸಣ್ಣ ಕಂಪನಿಯ ಕಾಲಕ್ಕೂ ದೊಡ್ಡ ಕಂಪನಿಯ ಕಾಲಕ್ಕೂ ನಡುವಿನ ಹೊಸ್ತಿಲಿನಲ್ಲಿ ನಿಂತಿದೆ.

ಆಗ ಸಿಡಿ ಹೊಸತು. ಎಲ್‌ಪಿಯ ಒಂದು ಮಗ್ಗುಲಿನಲ್ಲಿ ಸುಮಾರು ಇಪ್ಪತ್ತು ನಿಮಿಷದ ಸಂಗೀತ ಹಿಡಿದರೆ ಸಿಡಿಯಲ್ಲಿ ಒಂದು ಗಂಟೆಗೂ ಮೀರಿ ಜಾಗವಿತ್ತು. ಉಳಿದ ಜಾಗಕ್ಕೆ ಕಂಪನಿ 1982ರ ‘ಕ್ರಾನಿಕ್ ಟೌನ್’ ಇಪಿಯ ಐದು ಹಾಡುಗಳನ್ನು ಸೇರಿಸಿತು. ತಂಡ ಐ.ಆರ್.ಎಸ್.ಗೆ ಕೊಟ್ಟ ಮೊದಲ ಕೃತಿಯೇ ಅದು. ಡ್ರೈವ್-ಇನ್ ಗ್ಯಾರೇಜಿನಲ್ಲಿ ಮುದ್ರಣಗೊಂಡ, ತಂಡದ ಸಂಗೀತಕ್ಕೆ ದಾರಿ ಹಾಕಿಕೊಟ್ಟ ಕೃತಿ ಹೀಗೆ ಉಳಿಕೆಗಳ ಸಂಕಲನದ ಬಾಲವಾಗಿ ಬಿಕರಿಯಾಯಿತು. ತಟ್ಟೆಯ ಖಾಲಿ ಮಗ್ಗುಲು ಬಿ-ಸೈಡನ್ನು ಹುಟ್ಟಿಸಿದಂತೆ, ಸಿಡಿಯ ಖಾಲಿ ನಿಮಿಷಗಳು ಈ ವಿಚಿತ್ರ ಜೋಡಣೆಯನ್ನು ಹುಟ್ಟಿಸಿದವು.

ಮುಂದಿನ ಎರಡು ದಶಕ ಇಂಥ ಸಂಕಲನ ಇಂಡಿ ತಂಡಗಳ ರೂಢಿಯೇ ಆಯಿತು. 1992ರ ಕೊನೆಗೆ ‘ನಿರ್ವಾಣ’ ತಂಡದ ‘ಇನ್ಸೆಸ್ಟಿಸೈಡ್’, 1993ರಲ್ಲಿ ಪೇವ್‌ಮೆಂಟ್ ತಂಡದ ಮೊದಮೊದಲ ಇಪಿಗಳನ್ನು ಕೂಡಿಸಿದ ‘ವೆಸ್ಟಿಂಗ್’, 1996ರಲ್ಲಿ ಯೋ ಲಾ ಟೆಂಗೋ ತಂಡದ ಎರಡು ಸಿಡಿಗಳ ಸಂಕಲನ, 2005ರಲ್ಲಿ ಸ್ಕಾಟ್ಲೆಂಡಿನ ‘ಬೆಲ್ ಅಂಡ್ ಸೆಬಾಸ್ಟಿಯನ್’ ತಂಡದ್ದು. ಹಾಡುಗಳು ಬಿಡಿಬಿಡಿಯಾಗಿ ಕಂಪ್ಯೂಟರಿಗೆ ಇಳಿಯತೊಡಗಿದ ಮೇಲೆ ತುಂಬಬೇಕಾದ ಹಿಂಬದಿಯೇ ಇಲ್ಲವಾಯಿತು.

ಆರ್.ಇ.ಎಂ. 2011ರ ಸೆಪ್ಟೆಂಬರ್ 21ರಂದು ತಂಡವನ್ನು ಮುಗಿಸುತ್ತಿರುವುದಾಗಿ ತಿಳಿಸಿತು. 2014ರಲ್ಲಿ ಅದರ ಐ.ಆರ್.ಎಸ್. ಕಾಲದ, ವಾರ್ನರ್ ಕಾಲದ ಅಪರೂಪದ ಮುದ್ರಣಗಳು ಎರಡು ದೊಡ್ಡ ಡಿಜಿಟಲ್ ಕಂತೆಗಳಾಗಿ ಬಂದವು. ‘ಕ್ರಾನಿಕ್ ಟೌನ್’ ಮಾತ್ರ ಸಿಡಿ ರೂಪದಲ್ಲಿ ಇನ್ನೂ ‘ಡೆಡ್ ಲೆಟರ್ ಆಫೀಸ್’ನ ಆಶ್ರಯದಲ್ಲೇ ಇತ್ತು. 2022ರ ಆಗಸ್ಟಿನಲ್ಲಿ, ಹೊರಬಂದು ನಲವತ್ತು ವರ್ಷ ತುಂಬಿದಾಗ, ಪ್ಯಾರಿಸ್ಸಿನ ನಾಟ್ರಡಾಮ್ ಇಗರ್ಜಿಯ ಮೇಲೆ ಗಲ್ಲಕ್ಕೆ ಕೈಕೊಟ್ಟು ಕುಳಿತ ಕಲ್ಲಿನ ವಿಕಾರ ಮೂರ್ತಿಯ ಚಿತ್ರವಿರುವ ತನ್ನ ಹಳೆಯ ಹೊದಿಕೆಯಲ್ಲಿ, ಅದು ತನ್ನದೇ ಹೆಸರಿನ ಸಿಡಿಯಾಗಿ ಅಂಗಡಿಗೆ ಬಂತು.