ಹಾಡೂ ಚಲಚ್ಚಿತ್ರವೂ

ಹಾಲೆಂಡ್ ದೇಶದ ಆರ್ನಾಲ್ಡ್ ಬೇಕ್ ಎಂಬ ವಿದ್ವಾಂಸರು ದಾಮೋದರಪಂಡಿತನ ‘ಸಂಗೀತದರ್ಪಣ’ದ ಮೊದಲೆರಡು ಅಧ್ಯಾಯಗಳನ್ನು ತಮ್ಮ ಭಾಷೆಗೆ ಪರಿವರ್ತಿಸಿ 1930ರಲ್ಲಿ ಪ್ರಕಟಿಸಿದರು. ನನ್ನಂತೆ ಪಾಠಶಾಲೆಯಲ್ಲಿ ಬೆಳೆದವನಾಗಿದ್ದರೆ ಅಷ್ಟಕ್ಕೆ ತೃಪ್ತನಾಗಿ, ಉಳಿದ ಆಯುಸ್ಸನ್ನು ಪಾಠಾಂತರಗಳ ವಿಚಾರದಲ್ಲಿ ಕಳೆಯುತ್ತಿದ್ದನು. ಅವರು ಹಾಗೆ ಮಾಡಲಿಲ್ಲ. 1925ರಲ್ಲಿಯೇ ಶಾಂತಿನಿಕೇತನಕ್ಕೆ ಬಂದು ರವೀಂದ್ರರ ಗೀತಗಳನ್ನು ಕಲಿತಿದ್ದ ಆ ಶಾಸ್ತ್ರಜ್ಞರಿಗೆ, ಗ್ರಂಥದಲ್ಲಿರುವ ಸಂಗೀತವು ಬೇರೆ, ಬೀದಿಯಲ್ಲಿಯೂ ಗುಡಿಯಲ್ಲಿಯೂ ಗದ್ದೆಯಲ್ಲಿಯೂ ನಡೆಯುವ ಸಂಗೀತವು ಬೇರೆ ಎಂಬುದು ಮನದಟ್ಟಾಗಿದ್ದಿರಬೇಕು. ಧ್ವನಿಯಂತ್ರವನ್ನೂ ಚಿತ್ರಯಂತ್ರವನ್ನೂ ಹೊತ್ತುಕೊಂಡು ನೇಪಾಳದಿಂದ ಸಿಂಹಳದವರೆಗೆ ತಿರುಗಿದರು. 1938ರಲ್ಲಿ ದಕ್ಷಿಣಕ್ಕೆ ಬಂದು ತಮಿಳು, ಮಲೆಯಾಳ, ಕನ್ನಡ ಸೀಮೆಗಳ ಹಾಡುಕುಣಿತಗಳನ್ನು ಹಿಡಿದಿಟ್ಟರು. ಚಿತ್ರವು ಮೂಕ, ಧ್ವನಿಯು ಬೇರೊಂದು ಪಟ್ಟಿಯ ಮೇಲೆ. ಎರಡನ್ನೂ ಒಂದೆಡೆ ಸೇರಿಸುವ ಅನುಕೂಲವು ಆಗಿನ ಒಂಟಿ ಪ್ರಯಾಣಿಕನಿಗೆಲ್ಲಿಯದು?

ಬೇಕ್ ಅವರು 1963ರಲ್ಲಿ ತೀರಿಕೊಂಡರು. ಕಥೆಯು ಅಲ್ಲಿಗೆ ಮುಗಿದಿದ್ದರೆ ಇದನ್ನು ಇಲ್ಲಿ ಬರೆಯುವ ಕಾರಣವಿರಲಿಲ್ಲ. ಏಮಿ ಕ್ಯಾಟ್ಲಿನ್ ಅವರೂ ಬೇಕ್ ಅವರ ಶಿಷ್ಯರಾದ ನಜೀರ್ ಜೈರಾಜ್‌ಭಾಯ್ ಅವರೂ 1984ರಲ್ಲಿ ಬೇಕ್ ಅವರ ಚಿತ್ರಗಳನ್ನೂ ಧ್ವನಿಗಳನ್ನೂ ತೆಗೆದುಕೊಂಡು, ಅವರು ನಡೆದ ದಾರಿಯಲ್ಲಿಯೇ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಮತ್ತೆ ನಡೆದರು. ಹಳೆಯ ಚಿತ್ರವನ್ನು ತೋರಿಸಿ, ಹಾಡನ್ನು ಕೇಳಿಸಿ, ಉಳಿದದ್ದೇನು, ಹೋದದ್ದೇನು ಎಂದು ವಿಚಾರಿಸಿದರು. ಆ ಪ್ರಯಾಣದ ಸಾಕ್ಷ್ಯಚಿತ್ರವು 1991ರಲ್ಲಿ ಹೊರಬಂದಿತು. ಉಳಿವು, ಮಾರ್ಪಾಡು ಎಂಬ ಎರಡು ಮಾತುಗಳೂ ಅದರ ಹೆಸರಿನಲ್ಲಿಯೇ ಇರುವುವು. ಕೊಂಡುಹೋದ ಹಾಡನ್ನು ಹಾಡಿದವರ ಮನೆಯ ಬಾಗಿಲಿಗೆ ತಿರುಗಿ ತರಬೇಕೆಂಬ ಬುದ್ಧಿಯು ಬಹಳ ದೊಡ್ಡದೆಂದು ನನಗೆ ತೋರುವುದು. ನಾವು ಅನೇಕರು ಕೊಂಡುಹೋದದ್ದುಂಟು. ತಿರುಗಿ ತಂದವರು ವಿರಳ.

ನಮ್ಮಲ್ಲಿ ಈ ಕಾರ್ಯವು ಮೊದಲು ಲೇಖನಿಯಿಂದ ನಡೆಯಿತು. ಫ್ಲೀಟ್ ದೊರೆಗಳು 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕನ್ನಡ ಲಾವಣಿಗಳನ್ನು ಅಚ್ಚು ಮಾಡಿಸಿದರು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು. ಆ ಉಪಕಾರವನ್ನು ಮರೆಯುವವನು ಕನ್ನಡಿಗನಲ್ಲ. ಆದರೂ ಲೇಖನಿಗೆ ಸಿಕ್ಕದ ಸಂಗತಿಗಳಿವೆ. ತಮಟೆಯನ್ನೇ ನೋಡಿರಿ. ಬಾರಿಸುವುದಕ್ಕೆ ಮುಂಚೆ ಹುಲ್ಲಿನ ಬೆಂಕಿಗೆ ಹಿಡಿದು ಚರ್ಮವನ್ನು ಬಿಗಿಮಾಡುವರು; ಒಂದು ಕೈಯಲ್ಲಿ ದಪ್ಪನಾದ ಗಿಡ್ಡ ಕೋಲು, ಇನ್ನೊಂದರಲ್ಲಿ ಬಳುಕುವ ಉದ್ದನೆಯ ಕಡ್ಡಿ; ವಾದ್ಯವನ್ನು ಎದೆಗೂ ತೋಳಿಗೂ ಒತ್ತಿಕೊಂಡು ಕಾಲು ಹಾಕಿದರೆ ಹೆಜ್ಜೆಯೇ ತಾಳ. ಇದನ್ನು ಯಾವ ಅಕ್ಷರದಲ್ಲಿ ಬರೆಯುವುದು? ಕಾಣಬೇಕು, ಕೇಳಬೇಕು. ಅಸ್ಪೃಶ್ಯರ ವಾದ್ಯವೆಂದು ನಾವು ಜಗುಲಿಯಿಂದ ದೂರವಿಟ್ಟಿದ್ದ ಆ ಚರ್ಮಕ್ಕೆ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ಮೂಲಕ 2023ರಲ್ಲಿ ಪದ್ಮಶ್ರೀ ಬಂದಿತು. ಮರ್ಯಾದೆಯು ತಡವಾಗಿ ಬಂದಿತೆನ್ನುವುದಕ್ಕಿಂತ, ನಮ್ಮ ಕಿವಿಯು ತಡವಾಗಿ ತೆರೆಯಿತೆನ್ನುವುದು ಸರಿ.

ನನ್ನ ಕಿವಿಯ ವಿಷಯವನ್ನೂ ಹೇಳಿಬಿಡುವೆನು. ನಾನು ಅಧ್ಯಾಪಕನಾಗಿದ್ದ ಮೊದಲ ವರ್ಷಗಳಲ್ಲಿ ಬಂಗಾರಪೇಟೆಗೆ ಎರಡು ಹರಿದಾರಿಯ ಒಂದು ಹಳ್ಳಿಯಲ್ಲಿ ಗಣಿಯ ಕೆಲಸದಿಂದ ನಿವೃತ್ತನಾದ ಒಬ್ಬ ಮುದುಕನಿದ್ದನು. ಏಕತಾರಿ ಹಿಡಿದು ತತ್ತ್ವಪದಗಳನ್ನು ಹಾಡುವನು. ಕೈವಾರದ ತಾತಯ್ಯನವರು ತೆಲುಗು ಕನ್ನಡಗಳೆರಡರಲ್ಲಿಯೂ ರಚಿಸಿದವರು. ಅವರ ಪದಗಳ ನಡುವೆ ಈತನು ಯಾರದೆಂದು ತಿಳಿಯದ ಪದಗಳನ್ನು ಪೋಣಿಸುತ್ತಿದ್ದನು. ನಾನು ಹನ್ನೆರಡು ಭಾನುವಾರ ಹೋಗಿ ನಲವತ್ತಕ್ಕೂ ಹೆಚ್ಚು ಪದಗಳನ್ನು ಬರೆದುಕೊಂಡೆನು. ಬರೆಯುತ್ತ ಬರೆಯುತ್ತಲೇ ತಿದ್ದಿದೆನು! ಅವನು ‘ಸಿವ’ನೆಂದರೆ ನನ್ನ ಕೈ ‘ಶಿವ’ನೆಂದಿತು; ‘ಗ್ನಾನ’ವು ‘ಜ್ಞಾನ’ವಾಯಿತು; ‘ಬತ್ತಾನೆ’ ಎಂದದ್ದನ್ನು ‘ಬರುತ್ತಾನೆ’ ಎಂದು ಬರೆದೆನು. ಮೊದಲ ಮಾತಿಗೆ ಐದು ಮಾತ್ರೆ, ಎರಡನೆಯದಕ್ಕೆ ಆರು. ಛಂದಸ್ಸನ್ನು ಮಕ್ಕಳಿಗೆ ಪಾಠ ಹೇಳುತ್ತಿದ್ದ ನಾನು ನಲವತ್ತು ಪದಗಳ ಕಾಲು ಮುರಿದು, ಶುದ್ಧಗೊಳಿಸಿದೆನೆಂದು ಹಿಗ್ಗಿದೆನು. ಅವನು ತೀರಿಕೊಂಡು ಬಹುಕಾಲವಾಯಿತು. ಈಗ ಆ ಪುಸ್ತಕವನ್ನು ತೆರೆದರೆ ಪದಗಳಿವೆ, ಹಾಡು ಇಲ್ಲ. ಯಂತ್ರಕ್ಕೆ ವ್ಯಾಕರಣವು ಬಾರದು; ಈ ಕಾರ್ಯದಲ್ಲಿ ಅದೇ ಅದರ ಯೋಗ್ಯತೆ.

ಗಣಿಯ ಮಾತು ಬಂದಿತು. ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆಯು ಬಂಗಾರಪೇಟೆಯಾದದ್ದೂ, 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಗಣಿಗಳನ್ನು ಕೈಗೆತ್ತಿಕೊಂಡದ್ದೂ ಎಲ್ಲರೂ ಬಲ್ಲ ಸಂಗತಿಗಳು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಮೊದಲಾದ ಸೀಮೆಗಳಿಂದ ಬಡವರು ಇಲ್ಲಿಗೆ ಬಂದರು. ತಮ್ಮ ಹಾಡುಗಳನ್ನೂ ತಂದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಹರಿಯಿತು; ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಬೆಳಕು ಮೊದಲು ಬಂದ ಊರು ಇದು. ಭೂಮಿಯೊಳಗೆ ಸುಮಾರು 3,200 ಮೀಟರ್ ಆಳಕ್ಕಿಳಿದವರಲ್ಲಿ ಕೆಲವರು ಬಂಡೆ ಸಿಡಿದು ತಿರುಗಿ ಬರುತ್ತಿರಲಿಲ್ಲ. ಅಂತಹ ರಾತ್ರಿಗಳಲ್ಲಿ ಗಣಿಯ ಸಾಲುಮನೆಗಳಿಂದ ಹೆಂಗಸರು ಒಪ್ಪಾರಿ ಹಾಡುವ ಧ್ವನಿಯನ್ನು ನಾನು ಕೇಳಿದ್ದೇನೆ. ಒಪ್ಪಾರಿ ಎಂದರೆ ತಮಿಳರ ಶೋಕಗೀತ; ಸತ್ತವನ ಗುಣವನ್ನು ಹೇಳಿ ಹೇಳಿ ಅಳುವುದು. ಕನ್ನಡಿಗನಾದ ನನಗೆ ಮಾತು ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಸ್ವರವೇ ತಿಳಿಸುತ್ತಿತ್ತು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಕೆಲಸ ಹೋದವರ ಮಕ್ಕಳು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರಾದರು. ದಣಿದು ಬಂದವರು ಹಾಡುವುದು ಯಾವಾಗ?

2018ರಲ್ಲಿ ಈ ಊರಿನ ಹೆಸರನ್ನೇ ಹೊತ್ತ ಕಥಾಚಿತ್ರವೊಂದು ದೇಶವನ್ನೆಲ್ಲ ಬೆರಗುಗೊಳಿಸಿತು. ಅದನ್ನು ನೋಡಿದ ತರುಣರು ಬಂಗಾರಪೇಟೆಯಲ್ಲಿ ಇಳಿದು ಸೈನೈಡ್ ದಿಬ್ಬಕ್ಕೆ ದಾರಿ ಕೇಳುವರು. ತೋರಿಸುವೆನು, ಅದರಲ್ಲಿ ಅಸೂಯೆಯೇನೂ ಇಲ್ಲ. ಕಥಾಚಿತ್ರದ ಧರ್ಮವೇ ಬೇರೆ. ಆದರೆ ಅಷ್ಟು ದೊಡ್ಡ ಯಂತ್ರಸಾಮಗ್ರಿಯು ಬಂದು ನಿಂತ ಆ ದಿಬ್ಬದ ಕೆಳಗಿನ ಸಾಲುಮನೆಗಳಲ್ಲಿ ಒಪ್ಪಾರಿ ಬಲ್ಲ ಮುದುಕಿಯರು ಇನ್ನೂ ಇದ್ದಾರೆಂಬುದನ್ನು ನೆನೆದರೆ ಮನಸ್ಸು ಸುಮ್ಮನಿರಲೊಲ್ಲದು.

ಕಾರ್ಯವು ಅಸಾಧ್ಯವೆಂದು ಯಾರೂ ಹೇಳಲಾರರು. ಎಚ್. ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತನ್ನು ಸ್ಥಾಪಿಸಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದು, ಕಲಾವಿದರ ಧ್ವನಿಯನ್ನೂ ಚಿತ್ರವನ್ನೂ ಅಲ್ಲಿ ಕೂಡಿಟ್ಟರು. ಸರ್ಕಾರದ ದೊಡ್ಡ ಅಧಿಕಾರಿಯಾಗಿದ್ದವರು ಹಳ್ಳಿಯ ಹಾಡುಗಾರರ ಹಿಂದೆ ಅಲೆದರು. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ ಆದಿಮದಲ್ಲಿ ಹುಣ್ಣಿಮೆಯ ರಾತ್ರಿ ಹಾಡು ನಡೆದದ್ದನ್ನು ನಮ್ಮ ಜಿಲ್ಲೆಯವರು ಬಲ್ಲರು. ಆದರೆ ಪೆಟ್ಟಿಗೆಯಲ್ಲಿಟ್ಟ ಚಿತ್ರಕ್ಕೂ ಒಂದು ಅಪಾಯವುಂಟು: ಹಾಡಿದವರ ಹೆಸರು, ಹಾಡಿದ ಸಂದರ್ಭ, ಊರು, ತಿಥಿ ಇವನ್ನು ಬರೆಯದಿದ್ದರೆ ಅದು ಅನಾಥವಾಗುವುದು. ಬಿತ್ತನೆಯ ಹಾಡನ್ನು ವೇದಿಕೆಯ ದೀಪದ ಕೆಳಗೆ ಹಾಡಿಸಿ ಚಿತ್ರ ತೆಗೆದರೆ ಹಾಡು ಬರುವುದು, ಹೊಲ ಬಾರದು.

ಕಳೆದ ಸುಗ್ಗಿಯ ಕಾಲದಲ್ಲಿ ಆ ಏಕತಾರಿಯ ಮುದುಕನ ಮೊಮ್ಮಗಳು ನನ್ನ ಮನೆಗೆ ಬಂದಿದ್ದಳು. ಬೆಂಗಳೂರಿನಲ್ಲಿ ಉದ್ಯೋಗ, ಕೈಯಲ್ಲಿ ಮೊಬೈಲು. ತಾತನ ಪದಗಳು ನನ್ನಲ್ಲಿವೆಯೆಂದು ಯಾರೋ ಹೇಳಿದರಂತೆ. ಅವುಗಳನ್ನು ತನ್ನ ತಾಯಿಯಿಂದ ಹಾಡಿಸಿ ಚಿತ್ರ ತೆಗೆಯಬೇಕೆಂಬ ಆಸೆ. ಪುಸ್ತಕವನ್ನು ಕೊಟ್ಟೆನು. ಮೊದಲನೆಯ ಪದವನ್ನು ಗಟ್ಟಿಯಾಗಿ ಓದತೊಡಗಿದವಳು ಮೂರನೆಯ ಸಾಲಿನಲ್ಲಿ ನಿಂತು, “ಮೇಷ್ಟ್ರೆ, ನಮ್ಮ ತಾತ ಹೀಗೆ ಅಂತಿರ್ಲಿಲ್ಲ” ಎಂದಳು. ಒಳಗಿನಿಂದ ಒಂದು ಸೀಸದ ಕಡ್ಡಿಯನ್ನು ತಂದುಕೊಟ್ಟು, ತಿದ್ದಮ್ಮಾ ಎಂದೆನು. ಅವಳು ತಾಯಿಯನ್ನು ಫೋನಿನಲ್ಲಿ ಕರೆದು ಒಂದೊಂದು ಸಾಲನ್ನೂ ಕೇಳಿ ಕೇಳಿ ತಿದ್ದುತ್ತ ಸಂಜೆಯವರೆಗೆ ಜಗುಲಿಯ ಮೇಲೆ ಕುಳಿತಿದ್ದಳು. ಹನ್ನೊಂದು ಪದಗಳಾದುವು. ಮಿಕ್ಕವು ತಾಯಿಗೂ ನೆನಪಿಲ್ಲವಂತೆ.